ಮದುವೆ ಫಲಕದಲ್ಲಿ ಬಿಟ್ಟ ಜಾಗ

ಆ ದಿನ ಇಂಗ್ಲೆಂಡಿನ ಲೆಸ್ಟರ್ ಊರಿನ ಅಂಗಡಿಯಲ್ಲಿ ಮೊದಲು ದನಿ ಏರಿಸಿದವರು ಯಾರು ಎಂಬುದು ನನಗೆ ಖಾತ್ರಿಯಿಲ್ಲ. ಊರಿಗೆ ಬಂದ ಮೇಲೆ ಇದನ್ನು ಹಲವರಿಗೆ ಹೇಳಿದ್ದೇನೆ. ಒಮ್ಮೆ ಗೆಳೆಯ ಶರಣಪ್ಪ ಮೊದಲು ಸಿಟ್ಟಾದ ಎಂದೆ, ಇನ್ನೊಮ್ಮೆ ಅವನ ಅಂಗಡಿಗೆ ಬಂದ ಹುಡುಗಿ ಎಂದೆ. ಹೊರಗೆ ಬಿಸಿಲಿತ್ತು ಎಂದೂ ಹೇಳಿದೆ, ಜಿಟಿಜಿಟಿ ಮಳೆ ಇತ್ತು ಎಂದೂ ಹೇಳಿದೆ. ನಾನು ಸಮಾಜಶಾಸ್ತ್ರ ಕಲಿಸುವವನು. ಕಣ್ಣಾರೆ ಕಂಡೆ ಅನ್ನುವವರನ್ನು ಸುಲಭಕ್ಕೆ ನಂಬಬೇಡಿ ಎಂದು ಜೇವರ್ಗಿಯ ಕಾಲೇಜಿನಲ್ಲಿ ಹುಡುಗರಿಗೆ ಪ್ರತಿವರ್ಷ ಹೇಳುತ್ತೇನೆ. ಈಗ ಕಣ್ಣಾರೆ ಕಂಡವನಾಗಿ ನಾನೇ ಬರೆಯಲು ಕೂತಿದ್ದೇನೆ. ಅನುಮಾನ ಇರುವಲ್ಲಿ ಅನುಮಾನ ಎಂದೇ ಬರೆಯುತ್ತೇನೆ.

ಅನುಮಾನ ಇಲ್ಲದ್ದು ಇಷ್ಟು. ಒಬ್ಬ ಹುಡುಗಿ ತನ್ನ ಮದುವೆಯ ಫಲಕದ ಮೇಲೆ ಕನ್ನಡದಲ್ಲಿ ಎರಡು ಹೆಸರು ಬರೆಸಲು ಬಂದಳು. ಆ ಊರಿನಲ್ಲಿ ಹಾಗೆ ಬರೆಯಬಲ್ಲವನು ಬಹುಶಃ ಒಬ್ಬನೇ, ಅವನು ನನ್ನ ಗೆಳೆಯ. ಅವನು ಒಲ್ಲೆ ಅಂದ.

ಬಸ್ ನಿಲ್ದಾಣ

ಸಮ್ಮೇಳನವೊಂದರ ನೆಪದಲ್ಲಿ ಇಂಗ್ಲೆಂಡಿಗೆ ಹೋಗಿದ್ದೆ. ನನ್ನ ಪ್ರಬಂಧವನ್ನು ಕೇಳಿದವರು ಕಡಿಮೆ, ಕೇಳಿದವರೂ ಊಟದ ಹೊತ್ತಿಗೆ ಮರೆತರು. ಅದು ಮುಗಿದ ಮೇಲೆ ಶರಣಪ್ಪನ ಮನೆಗೆಂದು ಲೆಸ್ಟರಿನ ಬಸ್ಸು ಹತ್ತಿದೆ. ಹೊರಡಲು ಇನ್ನೂ ಹೊತ್ತಿತ್ತು. ಮುಂದಿನ ಸೀಟಿನ ಮೇಲೆ ಶಾಲು ಹಾಸಿ, ನೀರಿನ ಬಾಟಲಿ ತರಲು ಇಳಿದೆ.

ಅಫಜಲಪುರದ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಒಗೆದರೆ ಆ ಸೀಟು ನಿಮ್ಮದು. ನೀವು ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಪರಿಚಯದವರ ಜೊತೆ ಜಗಳವಾಡಿ ಬಂದರೂ ಅದು ನಿಮ್ಮದೇ. ಟವೆಲಿಗೆ ಅಲ್ಲಿ ಮನುಷ್ಯನಷ್ಟೇ ಮರ್ಯಾದೆ. ಇಲ್ಲಿ ತಿರುಗಿ ಬಂದು ನೋಡಿದರೆ ಸೀಟಿನ ಮೇಲೆ ಒಬ್ಬ ಬಿಳಿಕೂದಲಿನ ಹೆಂಗಸು ಕೂತಿದ್ದಳು. ಶಾಲು ಇಲ್ಲ. ಯಾರೋ ಮರೆತು ಹೋಗಿದ್ದಾರೆಂದು ಅದನ್ನು ಎತ್ತಿ ಚಾಲಕನಿಗೆ ಕೊಟ್ಟಿದ್ದಳು, ಅವನು ಕಳೆದ ಸಾಮಾನಿನ ಕಚೇರಿಗೆ ಕಳಿಸಿಬಿಟ್ಟಿದ್ದ. ಅದು ನನ್ನ ಸೀಟು ಎಂದೆ. ಆಕೆ ಅರ್ಥವಾಗದೆ ನನ್ನ ಮುಖ ನೋಡಿದಳು, ಆಮೇಲೆ ಮತ್ತೆ ಮತ್ತೆ ಕ್ಷಮೆ ಕೇಳುತ್ತ ಎದ್ದು ನಿಂತಳು. ತಪ್ಪು ಮಾಡಿದವನು ನಾನು, ಕ್ಷಮೆ ಕೇಳಿದವಳು ಆಕೆ. ಹಿಂದಿನ ಸೀಟಿಗೆ ಹೋಗಿ ಕೂತೆ. ಪ್ರತಿ ನಿಲ್ದಾಣದಲ್ಲಿ ಇಳಿಯುವವರೆಲ್ಲ ಚಾಲಕನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ನಮ್ಮಲ್ಲಿ ಚಾಲಕನಿಗೆ ಹೇಳುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಲೆಸ್ಟರಿನಲ್ಲಿ ಇಳಿದಾಗ ಶರಣಪ್ಪ ನಿಂತಿದ್ದ. ಕಥೆ ಕೇಳಿ ನಡುರಸ್ತೆಯಲ್ಲಿ ಹೊಟ್ಟೆ ಹಿಡಿದು ನಕ್ಕ.

"ಲೇ ಗೌತಮ್ಯಾ, ಇಲ್ಲಿಗೂ ಬಂದು ಟವೆಲ್ ಒಗದೇನಲೇ? ಪಿಎಚ್‌ಡಿ ಮಾಡಿ ಇದನ್ನ ಕಲ್ತಿ?"

"ಶಾಲು ಹೋತಲೇ."

"ಹೋಗ್ಲಿ ಬಿಡು. ಇಲ್ಲಿ ಮಂದಿ ಸೀಟಿಗೆ ಜಗಳ ಮಾಡಂಗಿಲ್ಲ. ಯಾತಕ್ಕ ಮಾಡ್ತಾರ ಅನ್ನೂದು ನನಗೂ ಇನ್ನಾ ತಿಳಿದಿಲ್ಲ."

ಅಂಗಡಿ

ಶರಣಪ್ಪ ಆಳಂದದವನು. ಕಲಬುರಗಿಯ ಹಾಸ್ಟೆಲಿನಲ್ಲಿ ನನ್ನ ಕೋಣೆಯವನು. ಅವನು ಲಿಂಗವಂತರ ಮನೆಯ ಹುಡುಗ, ನಾನು ಬೌದ್ಧರ ಮನೆಯವನು. ಒಂದೇ ತಾಟಿನಲ್ಲಿ ಉಂಡಿದ್ದೇವೆ. ಓದನ್ನು ಅರ್ಧಕ್ಕೆ ಬಿಟ್ಟು ಅವನು ಆಳಂದದ ಹಳೆಯ ಪೇಂಟರ್ ಒಬ್ಬರ ಕೈಕೆಳಗೆ ಅಕ್ಷರ ಬರೆಯಲು ಕಲಿತ. ಆಮೇಲೆ ಫ್ಲೆಕ್ಸ್ ಬಂತು, ಕುಂಚದವರನ್ನು ಕೇಳುವವರಿಲ್ಲದಾಯಿತು. ಹೆಂಡತಿ ಗೌರಮ್ಮ ನರ್ಸು. ಆಕೆಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಇವನು ಆಕೆಯ ಹಿಂದೆ ಬಂದ. ನಮ್ಮಲ್ಲಿ ಸತ್ತುಹೋದ ಅವನ ವಿದ್ಯೆ ಇಲ್ಲಿ ಬದುಕಿಕೊಂಡಿತು. ಮದುವೆ ಹಾಲಿನ ಬಾಗಿಲಲ್ಲಿ ವಧೂವರರ ಹೆಸರಿನ ದೊಡ್ಡ ಮರದ ಫಲಕ ನಿಲ್ಲಿಸುವುದು ಇಲ್ಲಿನ ಶೋಕಿ, ಅದನ್ನು ಕೈಯಿಂದ ಬರೆಸಿದರೆ ಇನ್ನೂ ಹೆಚ್ಚಿನ ಶೋಕಿ. ಗುಜರಾತಿಗಳು, ಪಂಜಾಬಿಗಳು, ಇಂಗ್ಲಿಷರು ಎಲ್ಲರೂ ಬರುತ್ತಿದ್ದರು.

ಅವನ ಕೆಲಸಕ್ಕೆ ಒಂದು ಕ್ರಮವಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ. ಆಮೇಲೆ ಅಂಗಡಿ. ಯಾರದೇ ಮದುವೆಯ ಫಲಕ ಇರಲಿ, ಕುಂಚ ಹಿಡಿಯುವ ಮುಂಚೆ ಬಲಗೈ ಬೆರಳಿನಿಂದ ಆ ಎರಡು ಹೆಸರನ್ನು ಎಡ ಅಂಗೈಯ ಮೇಲೆ ಬರೆದುಕೊಳ್ಳುತ್ತಿದ್ದ. ಬಣ್ಣವಿಲ್ಲ, ಬರೀ ಬೆರಳು. ಲಿಂಗ ಕೂರುವ ಅದೇ ಅಂಗೈ. ಆಳಂದದ ಗುರು ಹೀಗೆ ಕಲಿಸಿದ್ದರಂತೆ.

"ಹೆಸರು ಮೊದಲ ಅಂಗೈಗೆ ಹತ್ತಬೇಕು, ಆಮ್ಯಾಲ ಹಲಗಿಗೆ. ಇಲ್ಲಂದ್ರ ಅದು ಬರೀ ಬಣ್ಣ," ಅಂದ.

ದೇವರನ್ನು ನಂಬದ ನನಗೆ ಇದು ಚಂದ ಕಾಣಿಸಿತು. ಚಂದ ಕಾಣಿಸಿತು ಎಂದು ಅವನಿಗೆ ಹೇಳಲಿಲ್ಲ.

ಆ ಹುಡುಗಿ, ಹೆಸರು ರೇಣುಕಾ, ಬಂದದ್ದು ನಾನು ಹೋದ ಮರುದಿನವೋ ಅದರ ಮರುದಿನವೋ. ಇಪ್ಪತ್ತೆಂಟು ಮೂವತ್ತರ ಹುಡುಗಿ, ಶಾಲೆಯಲ್ಲಿ ಟೀಚರು. ಅವಳಾಡಿದ್ದು ಇಂಗ್ಲಿಷು, ನಾನಿಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಕನ್ನಡದಲ್ಲಿ ಹೆಸರು ಬರೆದುಕೊಡುತ್ತೀರಂತೆ, ನನ್ನ ಅಜ್ಜಿ ಮಣ್ಣೂರಿನವಳು ಅಂದಳು. ಮಣ್ಣೂರು ಅನ್ನುವಾಗ ಅವಳ ನಾಲಗೆ ಎಲ್ಲೂ ತಡವರಿಸಲಿಲ್ಲ.

ಶರಣಪ್ಪ ಸ್ಟೂಲಿನಿಂದ ಎದ್ದೇಬಿಟ್ಟ. "ಮಣ್ಣೂರ? ಭೀಮಾ ದಂಡಿ ಮಣ್ಣೂರ? ಯವ್ವಾ, ಬಾಗಲದಾಗ ಯಾಕ ನಿಂತಿ, ಒಳಗ ಬಾ, ಕುಂಡ್ರು. ಗೌತಮ್ಯಾ, ಚಾ ಹಾಕಲೇ."

ಅಜ್ಜಿ ಸಣ್ಣವಳಿದ್ದಾಗ ಮಣ್ಣೂರಿನಿಂದ ಸೋಲಾಪುರದ ಗಿರಣಿ ಓಣಿಗೆ ಮದುವೆಯಾಗಿ ಹೋದವಳು. ಅಲ್ಲಿಂದ ಗಂಡನ ಜೊತೆ ಇಲ್ಲಿನ ಗಿರಣಿಗೆ ಬಂದವಳು. ಅವಳಿಗೆ ಓದಲು ಬರುವುದು ಕನ್ನಡ ಅಕ್ಷರ ಮಾತ್ರ. ಇಲ್ಲಿ ಆದ ಯಾವ ಮದುವೆಯಲ್ಲೂ ಬಾಗಿಲ ಮೇಲಿನ ಹೆಸರನ್ನು ಅವಳು ಓದಿಲ್ಲ. ಮೊಮ್ಮಗಳದ್ದನ್ನಾದರೂ ಓದಲಿ ಎಂಬುದು ರೇಣುಕಾಳ ಆಸೆ.

ಶರಣಪ್ಪ ಒಳಗಿನಿಂದ ಒಂದು ಫಲಕ ತಂದ. ಸುತ್ತ ಜೋಳದ ತೆನೆಗಳ ಅಂಚು, ಮೂಲೆಗಳಲ್ಲಿ ನವಿಲು, ನಡುವೆ ಖಾಲಿ. ಬಿಡುವಿನಲ್ಲಿ ತನಗಾಗಿ ಮಾಡಿ ಇಟ್ಟುಕೊಂಡದ್ದು. ಗುಜರಾತಿಗಳು ಕೇಳಿದರೂ ಕೊಟ್ಟಿರಲಿಲ್ಲವಂತೆ.

"ಇದು ನಿನ್ನ ಸಲುವಾಗೇ ಇಟ್ಟಿದ್ದೆ ಅನ್ಕೋ," ಅಂದ. ಬೆರಳಿನಿಂದ ಅಂಗೈಯ ಮೇಲೆ ರೇಣುಕಾ ಎಂದು ಬರೆದುಕೊಂಡ. "ಹುಡುಗನ ಹೆಸರು?"

"ಹ್ಯಾನಾ," ಅಂದಳು.

ಅವನಿಗೆ ತಿಳಿಯಲಿಲ್ಲ. ಅವಳು ಫೋನು ತೆಗೆದು ಪಟ ತೋರಿಸಿದಳು. ಕೆಂಪು ಕೂದಲಿನ ಇನ್ನೊಬ್ಬ ಹುಡುಗಿ ಇವಳ ಹೆಗಲಿಗೆ ಗದ್ದ ಊರಿ ನಗುತ್ತಿದ್ದಳು.

ಇಲ್ಲಿಂದ ಸಂಗತಿಗಳ ಕ್ರಮ ನನಗೆ ಕಲಸಿಹೋಗಿದೆ. ಈ ತಿಂಗಳು ಕೆಲಸ ಬಹಳ ಇದೆ ಎಂದು ಅವನು ಮೊದಲು ಹೇಳಿದನೋ, ಇದು ನನ್ನ ಕೈಯಲ್ಲಿ ಆಗದು ಎಂದು ಮೊದಲು ಹೇಳಿದನೋ. ಇಬ್ಬರ ದನಿಯೂ ಏರಿತ್ತು. ಒಂದು ನಿಮಿಷದ ಹಿಂದೆ ಸಮಯ ಇತ್ತಲ್ಲ ಎಂದು ಅವಳು ಕೇಳಿದ್ದು ಮಾತ್ರ ನೆನಪಿದೆ. ಅವನು ಎಡ ಅಂಗೈಯನ್ನು ಅಂಗಿಯ ಅಂಚಿಗೆ ಒರೆಸಿಕೊಂಡದ್ದೂ ನೆನಪಿದೆ. ಒರೆಸಲು ಅಲ್ಲಿ ಏನೂ ಇರಲಿಲ್ಲ, ಬಣ್ಣ ಹಚ್ಚಿರಲಿಲ್ಲ. ಆದರೆ ಅವಳು ಆ ಕೈಯನ್ನೇ ನೋಡುತ್ತಿದ್ದಳು.

"ತಂಗಿ, ಸಿಟ್ಟಿಗೇಳಬ್ಯಾಡ," ಎಂದು ಅವನು ಇಂಗ್ಲಿಷಿನ ನಡುವೆ ಕನ್ನಡ ಬೆರೆಸಿ ಹೇಳಿದ. "ನಿನಗ ಬೇಕಾದ ಹೂ ತೆಗದು ಕೊಡ್ತೇನಿ, ನವಿಲು ತೆಗದು ಕೊಡ್ತೇನಿ. ಜೋಡಿ ಹೆಸರು ಮಾತ್ರ ನನ್ನ ಕೈಲೆ ಆಗಂಗಿಲ್ಲ. ಅದು ನನಗ ಪೂಜಿ."

ಹೂವು ತೆಗೆದುಕೊಡುತ್ತೇನೆ ಎಂದದ್ದನ್ನು ನಾನು ಕೇಳಿದ್ದೇನೆ. ಅಂಥ ಮಾತು ಬರಲೇ ಇಲ್ಲ ಎಂದು ರೇಣುಕಾ ಆಮೇಲೆ ಹೇಳಿದಳು. ಇಬ್ಬರಲ್ಲಿ ಯಾರು ಸರಿಯೋ. ಅವಳು ಚಹಾ ಕುಡಿಯದೆ ಎದ್ದು ಹೋದಳು. ಹೋಗುವಾಗ ಬಾಗಿಲನ್ನು ಸಪ್ಪಳವಾಗದಂತೆ ಎಳೆದುಕೊಂಡಳು. ಈ ದೇಶದಲ್ಲಿ ಸಿಟ್ಟು ಬಂದವರೂ ಬಾಗಿಲನ್ನು ಹಾಗೆಯೇ ಹಾಕುತ್ತಾರೆ.

ಗೌರಮ್ಮನ ಅಡುಗೆಮನೆ

ಸಂಜೆ ಗೌರಮ್ಮ ರೊಟ್ಟಿ ಬಡಿಯುತ್ತಿದ್ದರು. ಹಂಚಿನ ಹೊಗೆಗೆ ಛಾವಣಿಯಲ್ಲಿನ ಅಲಾರಮ್ಮು ಕಿರುಚತೊಡಗಿತು. ಶರಣಪ್ಪ ಕುರ್ಚಿ ಹತ್ತಿ ಅದಕ್ಕೆ ಟವೆಲಿನಿಂದ ಗಾಳಿ ಹಾಕಿದ. ಇದು ಆ ಮನೆಯ ದಿನದ ವಾಡಿಕೆ. ಕಿರುಚಾಟದ ನಡುವೆಯೇ ಅವನು ಅಂಗಡಿಯ ಸುದ್ದಿ ಹೇಳಿದ. ಗೌರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಬರದು ಕೊಡ್ರಿ," ಅಂದರು.

"ನಿನಗ ತಿಳಿಯಂಗಿಲ್ಲ."

"ಏನ್ ತಿಳಿಯಂಗಿಲ್ಲ? ನಾ ದವಾಖಾನ್ಯಾಗ ನಿನ್ನ ಮದುವಿ ಯಾರ ಕೂಡ ಆಗ್ಯಾದ ಅಂತ ಕೇಳಿ ಸೂಜಿ ಚುಚ್ತೇನೇನು?"

"ಸೂಜಿ ಬ್ಯಾರೆ, ಅಕ್ಷರ ಬ್ಯಾರೆ. ಸೂಜಿ ಚುಚ್ಚಿದ್ರ ನೀ ಆ ಮದುವಿಗೆ ಹೌದು ಅಂದಂಗ ಆಗಂಗಿಲ್ಲ."

"ಹೋದ ವರ್ಷ ಆ ಪಂಜಾಬಿ ಮುದುಕಗ ಬರದು ಕೊಟ್ರಲ್ಲ, ಮೂರನೇ ಮದುವಿ ಅವಂದು. ಅದಕ್ಕ ಹೌದು ಅಂದ್ರೇನು?"

ನಾನು ನಕ್ಕುಬಿಟ್ಟೆ. ಶರಣಪ್ಪ ಕುರ್ಚಿಯ ಮೇಲಿಂದಲೇ ನನ್ನನ್ನು ದುರುಗುಟ್ಟಿ ನೋಡಿದ. ಅಲಾರಮ್ಮು ನಿಂತಿತು.

"ಅಣ್ಣಾರ, ನೀವರೆ ಹೇಳ್ರಿ ಇವರಿಗೆ," ಎಂದು ಗೌರಮ್ಮ ನನ್ನತ್ತ ತಿರುಗಿದರು. "ಆ ಹುಡುಗಿ ಕಂಪ್ಲೇಂಟ್ ಕೊಟ್ಳು ಅಂದ್ರ ಅಂಗಡಿ ಹೋಗ್ತದ. ಇಲ್ಲಿ ಕಾನೂನು ಹಂಗ ಅದ. ನಮ್ಮ ದವಾಖಾನ್ಯಾಗ ಇದರ ಬಗ್ಗೆ ಟ್ರೇನಿಂಗೇ ಕೊಡ್ತಾರ."

"ವೈನಿ, ಅಂವ ನನ್ನ ಮಾತು ಯಾವಾಗ ಕೇಳ್ಯಾನ?" ಅಂದೆ.

"ಅಂಗಡಿ ಹೋದ್ರ ಹೋಗ್ಲಿ," ಅಂದ ಶರಣಪ್ಪ. ಆದರೆ ಕುರ್ಚಿಯಿಂದ ಇಳಿಯುವಾಗ ಅವನ ಮುಖ ಹೋಗಲಿ ಅನ್ನುವವನ ಮುಖದಂತಿರಲಿಲ್ಲ.

ಕಾಲುವೆಯ ದಂಡೆ

ಮರುದಿನ ಅಂಗಡಿಗೆ ಬೀಗ ಹಾಕಿ ಅವನು ನನ್ನನ್ನು ಕಾಲುವೆಯ ದಂಡೆಗೆ ಕರೆದೊಯ್ದ. ಲೆಸ್ಟರಿನ ಜನ ಅಲ್ಲಿ ನಾಯಿಗಳ ಜೊತೆ ನಡೆಯುತ್ತಾರೆ. ಪರಸ್ಪರ ಹೆಸರು ಗೊತ್ತಿಲ್ಲದಿದ್ದರೂ ನಾಯಿಗಳ ಹೆಸರು ಗೊತ್ತಿರುತ್ತದೆ. ದೋಣಿಯಲ್ಲೇ ಮನೆ ಮಾಡಿಕೊಂಡವನೊಬ್ಬ ಕೊತ್ತಂಬರಿ ಕುಂಡಕ್ಕೆ ನೀರು ಹಾಕುತ್ತಿದ್ದ. ನೀರಿನ ಮೇಲೆ ತೇಲುವವನಿಗೂ ಕೊತ್ತಂಬರಿ ಬೇಕು.

ನನಗೆ ಸುಮ್ಮನಿರಲಾಗಲಿಲ್ಲ. "ಲೇ, ಕಲ್ಯಾಣದಾಗ ಒಂದು ಮದುವಿ ಆತು, ಊರೇ ಹೊತ್ತಿ ಉರೀತು. ಅದು ಆಗಬಾರದು ಅಂದವ್ರು ಧರ್ಮಾನೇ ಹೇಳಿದ್ರು. ನೀ ಅವರ ಸಾಲಾಗ ನಿಂತೀಯಲ್ಲ," ಅಂದೆ.

"ಅದು ಬ್ಯಾರೆ."

"ಎಲ್ಲಾ ಬ್ಯಾರೆ ಅಂದ್ರ ಹೆಂಗಲೇ?"

ಅವನು ದಾರಿಗೆ ಅಡ್ಡ ಬಂದ ನಾಯಿಯೊಂದಕ್ಕೆ ಜಾಗ ಬಿಟ್ಟ. ಆಮೇಲೆ ನಿಂತು ಕೇಳಿದ. "ನಿಮ್ಮಪ್ಪ ವಾದ್ಯ ಬಾರ್ಸೂದು ಬಿಟ್ಟಾಗ ನೀ ಯಾರ ಕಡೆ ಇದ್ದಿ?"

ಹಾಸ್ಟೆಲಿನಲ್ಲಿ ನಾನೇ ಹೇಳಿದ್ದ ಕಥೆ. ಜೇವರ್ಗಿ ತಾಲೂಕಿನ ನಮ್ಮ ಊರಲ್ಲಿ ಹಬ್ಬಕ್ಕೂ ಹೆಣಕ್ಕೂ ಮದುವೆಗೂ ಚರ್ಮವಾದ್ಯ ಬಾರಿಸುವುದು ನಮ್ಮ ಮನೆಯ ಪಾಲಿಗಿತ್ತು. ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಅಪ್ಪ ಬಾರಿಸುವುದನ್ನು ನಿಲ್ಲಿಸಿದ. ಗೌಡರ ಮನೆಯ ಮದುವೆಗೆ ಕರೆ ಬಂದಾಗ, ಇದು ಈಗ ನನ್ನ ಧರ್ಮವಲ್ಲ, ಒಲ್ಲೆ ಅಂದ. ಅವನ ಕೈಯಲ್ಲಿದ್ದ ಲಯ ಸುತ್ತಿನ ಹತ್ತೂರಲ್ಲಿ ಯಾರಿಗೂ ಇರಲಿಲ್ಲವಂತೆ. ಆ ವಾದ್ಯವನ್ನು ಅಪ್ಪ ಭೀಮಾ ಹೊಳೆಗೆ ಬಿಟ್ಟದ್ದನ್ನು ನಾನು ಕಂಡಿದ್ದೇನೆ ಎಂದುಕೊಂಡಿದ್ದೆ. ಅವ್ವ ಅದನ್ನು ಒಲೆಗೆ ಹಾಕಿದೆ ಅನ್ನುತ್ತಾಳೆ.

"ನಿಮ್ಮಪ್ಪ ಒಲ್ಲೆ ಅಂದದ್ದು ಖರೇ ಅದ ಅಂತ ನೀ ಇವತ್ತಿಗೂ ಎದಿ ಉಬ್ಬಿಸಿ ಹೇಳ್ತಿ," ಅಂದ ಶರಣಪ್ಪ. "ನಿಮ್ಮಪ್ಪನ ಕೈ ನಿಮ್ಮಪ್ಪಂದು. ನನ್ನ ಕೈ ಯಾರದಲೇ?"

ಉತ್ತರ ನನ್ನ ಬಳಿ ಇತ್ತು. ಅಪ್ಪನದು ಅಂಗಡಿಯಲ್ಲ, ಹುಟ್ಟಿನಿಂದ ಹೇರಿದ ಹೊರೆ. ಅಪ್ಪ ಒಲ್ಲೆ ಅಂದದ್ದು ಮೇಲಿನವರಿಗೆ. ಅಷ್ಟೇ ಅಲ್ಲ, ಅಪ್ಪ ಒಲ್ಲೆ ಅಂದ ಮರುದಿನದಿಂದ ಊರಿನ ಕಿರಾಣಿ ಅಂಗಡಿಯವನು ನಮಗೆ ಉಪ್ಪು ಕೊಡಲಿಲ್ಲ, ಕ್ಷೌರದವನು ತಲೆ ಮುಟ್ಟಲಿಲ್ಲ. ಅಂಗಡಿಗೆ ಬಂದವರನ್ನು ಜಾತಿ ಧರ್ಮ ನೋಡಿ ತಡೆಯಬಾರದು ಎಂದು ನಮ್ಮ ಸಂವಿಧಾನ ಅಂಗಡಿ, ಹೋಟೆಲು, ಬಾವಿಗಳ ಹೆಸರು ಹಿಡಿದೇ ಹೇಳುತ್ತದೆ. ಅದು ನಮ್ಮ ಊರಿನ ಕಿರಾಣಿಯವನನ್ನು ತಲುಪಿರಲಿಲ್ಲ.

"ನಮ್ಮಪ್ಪಗ ಉಪ್ಪು ಇಲ್ಲ ಅಂದ್ನಲ್ಲ, ಆ ಅಂಗಡಿಯಾಂವನ ಕೈನೂ ಅವಂದ ಇತ್ತಲೇ ಶರಣ್ಯಾ," ಅಂದೆ.

"ಉಪ್ಪು ಬ್ಯಾರೆ."

"ಹೊಳ್ಳಿ ಶುರು ಮಾಡ್ದಿ ನೋಡು."

ಇಬ್ಬರೂ ನಕ್ಕೆವು. ಆ ನಗು ನಮ್ಮನ್ನು ಹತ್ತಿರ ತರಲಿಲ್ಲ. ಹಾಸ್ಟೆಲಿನ ದಿನಗಳಲ್ಲಿ ವಾದ ಮಾಡಿದ ಮೇಲೆ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಚಹಾಕ್ಕೆ ಹೋಗುತ್ತಿದ್ದೆವು. ಆ ದಿನ ಇಬ್ಬರೂ ನಮ್ಮ ನಮ್ಮ ಕಿಸೆಯಲ್ಲಿ ಕೈ ಇಟ್ಟುಕೊಂಡು ಮನೆಗೆ ಬಂದೆವು.

ಕಾಶಿಬಾಯಿಯ ಮನೆ

ರೇಣುಕಾಳ ಅಜ್ಜಿಯನ್ನು ನೋಡಿ ಬರೋಣ ಎಂದು ವಿಳಾಸ ಹುಡುಕಿ ಗೌರಮ್ಮನೇ ಹೊರಡಿಸಿದರು. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಹಿಡಿದು ಹೋದೆವು. ಶರಣಪ್ಪ ಬರಲಿಲ್ಲ. ಅಜ್ಜಿಯ ಹೆಸರು ಕಾಶಿಬಾಯಿ. ಕಿಟಕಿಯ ಬಳಿ ಕಂಬಳಿ ಹೊದ್ದು ಕೂತಿದ್ದಳು. ಅವಳ ಕನ್ನಡ ಕೇಳಿ ನನ್ನ ಮೈ ಝುಮ್ಮೆಂದಿತು. ನಮ್ಮ ಅಜ್ಜಂದಿರ ಜೊತೆ ಹೋದ ಮಾತುಗಳು ಆ ಬಾಯಲ್ಲಿ ಹಾಗೇ ಉಳಿದಿದ್ದವು.

"ಯಾವೂರ್ ಬೇ ನಿಂದು?" ಎಂದು ಗೌರಮ್ಮನನ್ನು ಕೇಳಿದಳು.

"ತವರು ಭೂಸನೂರ್ರಿ ಅವ್ವಾ. ಕೊಟ್ಟದ್ದು ಆಳಂದ."

"ಮತ್ತ ನೀ ಯಾರಲೇ ತಮ್ಮಾ?"

"ಜೇವರ್ಗಿರಿ ಅವ್ವಾ."

"ಹ್ಞಾಂ. ಆಳಂದದಾಂವ ಬರಲಿಲ್ಲೇನು? ಅಂಜಿದ ಅನಸ್ತದ." ಹಿಂಡಿಯ ಡಬ್ಬಿ ತೆರೆದು ಮೂಸಿ ಕಣ್ಣು ಮುಚ್ಚಿದಳು.

ಗೌರಮ್ಮ ಅಂಜುತ್ತಲೇ ಕೇಳಿದರು. "ಅವ್ವಾ, ಈ ಮದುವಿ ನಿಮ್ಮ ಮನಸಿಗೆ ಬಂದಾದೇನ್ರಿ?"

"ನನ್ನ ಮದುವಿ ನನ್ನ ಮನಸ್ ಕೇಳಿ ಮಾಡಿದ್ರೇನು? ಎತ್ತಿ ತಂದು ಮಣಿ ಮ್ಯಾಲ ಕುಂಡ್ರಸಿದ್ರು. ಇಕಿ ತನ್ನ ಮನಸ್ ಕೇಳಿ ಮಾಡ್ಕೊಳ್ಳಾಕತ್ತಾಳ. ಅಷ್ಟ ಫರಕ್. ಮೊದಲ ಎಂಟ್ ದಿನ ಅತ್ತೆ. ಆ ಕೆಂಪ್ ಕೂದಲದಾಕಿ ಬಂದು ನನ್ನ ಕಾಲು ಒತ್ತಿದ್ಳು. ಅಳೂದು ಸಾಕ್ ಅನಿಸ್ತು."

ರೇಣುಕಾ ಚಹಾ ತಂದಳು. ಅವಳು ಮೊನ್ನೆಯ ಮಾತನ್ನು ತಾನಾಗಿ ಎತ್ತಿದಳು. ಅಂಗಡಿ ತೆರೆದು ಕೂತವರು ಬಂದವರು ಯಾರೆಂದು ನೋಡಿ ಇಲ್ಲ ಅನ್ನುವಂತಿಲ್ಲ, ಇಲ್ಲಿನ ಕಾನೂನು ಹಾಗಿದೆ ಅಂದಳು. ಆದರೆ ತನಗೆ ಒಪ್ಪದ ಮಾತನ್ನು ಬರೆದುಕೊಡು ಎಂದು ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದೂ ಇದೆಯಂತೆ.

"ಅದಕ್ಕೇ ನನಗೆ ನಿದ್ದೆ ಬಂದಿಲ್ಲ," ಅಂದಳು. "ನನ್ನ ಹೆಸರು ಅವರಿಗೆ ಒಪ್ಪದ ಮಾತೋ, ಇಲ್ಲ ಒಪ್ಪದವಳು ನಾನೋ?"

ನಾನು ಚಹಾದ ಲೋಟ ಕೆಳಗಿಟ್ಟೆ.

"ಅವರು ನನ್ನ ಹೆಸರನ್ನು ಕೈಯಿಂದ ಒರೆಸಿಕೊಂಡರು. ನೀವು ನೋಡಿದಿರಿ ಅಲ್ಲವೇ? ದೂರು ಕೊಟ್ಟರೆ ಹೇಳುತ್ತೀರಾ?"

"ನೋಡಿದೆ ಅನ್ನಿಸುತ್ತದೆ."

"ಅನ್ನಿಸುತ್ತದೆ ಎಂದರೆ?"

ಅನುಮಾನಪಡುವುದನ್ನು ನಾನು ಇಷ್ಟು ವರ್ಷ ಒಂದು ಗುಣವೆಂದು ತಿಳಿದಿದ್ದೆ. ಅವಳ ಮುಂದೆ ಅ‌ದು ಜಾರಿಕೊಳ್ಳುವ ದಾರಿಯಂತೆ ಕೇಳಿಸಿತು. ಆದರೂ ಅದು ನಿಜವಾಗಿಯೂ ನನ್ನ ಅನುಮಾನವೇ ಆಗಿತ್ತು. ಕೈ ಒರೆಸಿಕೊಂಡದ್ದನ್ನು ಕಂಡಿದ್ದೆ, ಒರೆಸಿದ್ದು ಹೆಸರನ್ನೇ ಎಂಬುದು ಖಾತ್ರಿಯಿರಲಿಲ್ಲ.

ಕಾಶಿಬಾಯಿಗೆ ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು. "ಕೋರ್ಟು ಕಚೇರಿ ಬ್ಯಾಡ ಬೇ," ಎಂದು ಮೊಮ್ಮಗಳಿಗೆ ಗದರಿದಳು. "ನಾ ಮಣ್ಣೂರ ಸಾಲ್ಯಾಗ ಎರಡ್ನೇತ್ತೆ ತನಕ ಕಲ್ತೇನಿ. ಆಮ್ಯಾಲ ಎಮ್ಮಿ ಕಾಯಾಕ ಹಾಕಿದ್ರು. ಆ ಎರಡ್ನೇತ್ತೆದಾಗ ಏನ್ ಓದಾಕ್ ಬರ್ತದೋ ಅಷ್ಟ ಓದಿ ಸಾಯ್ತೇನಿ. ಯಾರ್ ಬರದ್ರೇನು? ಲೇ ತಮ್ಮಾ, ನೀ ಮಾಸ್ತರ ಅಲ್ಲೇನು? ನೀ ಬರಿ."

"ನನ್ನ ಅಕ್ಷರ ಕೋಳಿ ಕಾಲು ಅವ್ವಾ."

"ಕನ್ನಡ ಕೋಳಿ ಅಲ್ಲೇನು? ಸಾಕು."

ಮತ್ತೆ ಅಂಗಡಿ

ಮಾರನೆಯ ದಿನ ರೇಣುಕಾಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ಶರಣಪ್ಪ ನಮ್ಮನ್ನು ನೋಡಿ ಎದ್ದ. ಫಲಕದ ಮೇಲೆ ನಾನು ಬರೆಯುತ್ತೇನೆ, ಬಣ್ಣ ಕೊಡು ಎಂದೆ. ಅವನು ಒಳಗೆ ಹೋದ. ಯಾವುದೋ ಸಾದಾ ಹಲಗೆ ತರುತ್ತಾನೆಂದುಕೊಂಡೆ. ಜೋಳದ ತೆನೆಯ ಅದೇ ಫಲಕ ತಂದು ಮೇಜಿನ ಮೇಲಿಟ್ಟ.

"ನಡುವಿನ ಜಾಗ ನಿಂದು," ಅಂದ.

ರೇಣುಕಾ ಬಹಳ ಹೊತ್ತು ಆ ಅಂಚನ್ನು ನೋಡಿದಳು. "ಇಷ್ಟು ಚಂದದ ಚೌಕಟ್ಟು ಕೊಟ್ಟು ಹೆಸರು ಕೊಡುವುದಿಲ್ಲ ಅಂದರೆ ನಾನು ಥ್ಯಾಂಕ್ಸ್ ಹೇಳಬೇಕೋ ಬೇಡವೋ?" ಎಂದು ಕೇಳಿದಳು. ಕುಹಕವಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದಳು.

ಶರಣಪ್ಪ ತಲೆ ತಗ್ಗಿಸಿದ. "ಬ್ಯಾಡ ತಂಗಿ," ಅಂದ.

ಅವಳು ಹೊರಗೆ ಹೋಗಿ ಫುಟ್‌ಪಾತಿನಲ್ಲಿ ನಿಂತಳು. ದೂರು ಕೊಡುವ ವಿಚಾರ ಅವಳು ಕೈಬಿಟ್ಟದ್ದು ಆಗಲೋ, ಅಜ್ಜಿ ಗದರಿದಾಗಲೇ ಬಿಟ್ಟಿದ್ದಳೋ ನಾನು ಕೇಳಲಿಲ್ಲ. ಕೊಡಲಿಲ್ಲ, ಅಷ್ಟೇ.

ಶರಣಪ್ಪ ಬಣ್ಣ ಕಲಸಿದ. ಕುಂಚ ತೊಳೆದು ನನ್ನ ಕೈಗೆ ಕೊಟ್ಟ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ನಿಂತ. ನಾನು ಬರೆಯತೊಡಗಿದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದೇ ಬೇರೆ, ಕುಂಚ ನನ್ನ ಮಾತು ಕೇಳಲಿಲ್ಲ. ರೇಣುಕಾ ಎಂಬುದು ಏರುತ್ತ ಹೋಯಿತು, ಹ್ಯಾನಾ ಇಳಿಯುತ್ತ ಬಂತು.

"ಮಣಿಕಟ್ಟು ಆಡಸಬ್ಯಾಡ, ಮೊಣಕೈ ಆಡಸು," ಅಂದ, ಗೋಡೆಗೆ ಹೇಳುವವನಂತೆ.

"ನೀ ನೋಡಾಕತ್ತೇ ಇಲ್ಲಲ್ಲ."

"ಕುಂಚದ ಸಪ್ಪಳ ಕೇಳಸ್ತದಲೇ. ಎಮ್ಮಿ ಮೈ ತಿಕ್ಕಿದಂಗ ತಿಕ್ಕಾಕತ್ತಿ."

ಹ್ಯಾನಾದ ಕೊನೆಯ ಅಕ್ಷರದ ಬಾಲ ಎಳೆಯುವಾಗ ಬಣ್ಣ ಹೆಚ್ಚಾಗಿ ಕೆಳಗೆ ಜಾರಿತು. ನಾನು ಅಯ್ಯೋ ಎಂದೆ. ಅವನು ತಿರುಗಿದ. ಆ ಅಕ್ಷರಗಳನ್ನು ನೋಡಿ ಅವನ ಮುಖ ಹಿಂಡಿದಂತಾಯಿತು. ಅದು ಮದುವೆಯ ಬಗೆಗಿನ ನೋವಲ್ಲ, ಅಕ್ಷರದ ನೋವು. ನನ್ನ ಕೈಯಿಂದ ಕುಂಚ ತೆಗೆದುಕೊಂಡ.

ಇಲ್ಲಿ ನನ್ನ ನೆನಪು ಎರಡಾಗಿದೆ. ಒಂದರಲ್ಲಿ ಅವನು ಉಸಿರು ಹಿಡಿದು, ಒಂದೇ ಎಳೆತದಲ್ಲಿ ಆ ಬಾಲವನ್ನು ತಿದ್ದುತ್ತಾನೆ, ಜಾರಿದ ಬಣ್ಣವನ್ನು ಒಳಕ್ಕೆ ಸೇರಿಸಿ ಅಕ್ಷರವನ್ನು ದುಂಡಗೆ ಮುಗಿಸುತ್ತಾನೆ. ಇನ್ನೊಂದರಲ್ಲಿ ಕುಂಚ ಹಲಗೆಯ ಹತ್ತಿರ ಬಂದು ನಿಲ್ಲುತ್ತದೆ, ಅವನು ಅದನ್ನು ಟರ್ಪೆಂಟೈನ್ ಡಬ್ಬಿಗೆ ಹಾಕಿ ಒಳಗೆ ಹೋಗುತ್ತಾನೆ. ಎರಡರಲ್ಲೂ ಅಂಗಡಿಯ ವಾಸನೆ ಒಂದೇ, ಬೆಳಕು ಒಂದೇ. ಎರಡರಲ್ಲೂ ರೇಣುಕಾ ಗಾಜಿನ ಆಚೆ ಬೆನ್ನು ಮಾಡಿ ನಿಂತಿದ್ದಾಳೆ.

ಮದುವೆಗೆ ಮುಂಚೆಯೇ ನನ್ನ ವಿಮಾನ ಇತ್ತು. ಬೀಳ್ಕೊಡಲು ಬಂದ ಶರಣಪ್ಪ ತನ್ನ ಶಾಲನ್ನು ನನಗೆ ಹೊದಿಸಿದ. ನಾವು ಫಲಕದ ಮಾತು ಎತ್ತಲಿಲ್ಲ.

ಆಳಂದ

ಊರಿಗೆ ಬಂದ ಮೇಲೆ ಕೆಲಸವೊಂದಕ್ಕೆ ಆಳಂದಕ್ಕೆ ಹೋಗಿದ್ದೆ. ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯಲ್ಲಿ ಶರಣಪ್ಪನ ಹಳೆಯ ಪರಿಚಯದವರು ಸುತ್ತುಗಟ್ಟಿದರು. ಎದುರಿನ ಗೊಬ್ಬರದಂಗಡಿಯ ಗೋಡೆಯಲ್ಲಿ ಅವನು ಬರೆದ ಅಕ್ಷರಗಳು ಮಾಸಿಕೊಂಡು ಇನ್ನೂ ಇದ್ದವು, ಅವುಗಳ ಮೇಲೆ ಯಾವುದೋ ಕೋಚಿಂಗ್ ಸೆಂಟರಿನ ಫ್ಲೆಕ್ಸ್ ಅರ್ಧ ಇಳಿಬಿದ್ದಿತ್ತು. ನಾನು ಲೆಸ್ಟರಿನ ಕಥೆ ಹೇಳಿದೆ. ಇಬ್ಬರು ಹುಡುಗಿಯರ ಮದುವೆ ಎಂದಾಗ ಕೆಲವರು ನಕ್ಕರು, ಒಬ್ಬ ಹಿರಿಯ ಎದ್ದು ಹೋದ. ಆದರೆ ಕೊನೆಗೆ ಶರಣಪ್ಪ ಕುಂಚ ತೆಗೆದುಕೊಂಡು ಅಕ್ಷರ ತಿದ್ದಿದ ಎಂದಾಗ ಎಲ್ಲರ ಮುಖ ಅರಳಿತು.

"ಆಳಂದದ ಕೈ ಅದರಿ ಸರ, ಸುಮ್ ಕುಂಡ್ರತದೇನು?" ಅಂದ ಚಹಾದವನು.

ನನಗೂ ಹಾಗೆ ಮುಗಿಸುವುದು ಹಿತವೆನಿಸಿತು. ಜೇವರ್ಗಿಯಲ್ಲಿ ಅದನ್ನೇ ಹೇಳಿದೆ, ಕಾಲೇಜಿನಲ್ಲೂ ಹೇಳಿದೆ. ಹೇಳಿದಷ್ಟೂ ಆ ಎಳೆತ ನನ್ನ ಕಣ್ಣಿಗೆ ಸ್ಪಷ್ಟವಾಯಿತು. ಎರಡನೆಯ ನೆನಪು ತಾನಾಗಿ ಹಿಂದೆ ಸರಿಯಿತು.

ಆಮೇಲೊಂದು ದಿನ ಶರಣಪ್ಪನ ಫೋನು ಬಂತು. ಮದುವೆ ಕೆಲಸವನ್ನೇ ಬಿಟ್ಟಿದ್ದೇನೆ ಅಂದ. ಈಗ ಅಂಗಡಿಗಳ ಬೋರ್ಡು, ವ್ಯಾನುಗಳ ಮೇಲಿನ ಹೆಸರು, ಅಷ್ಟೇ.

"ಬರದ್ರ ಎಲ್ಲಾರಿಗೂ ಬರೀಬೇಕು, ಇಲ್ಲಾ ಯಾರಿಗೂ ಬರೀಬಾರದು. ಕಾನೂನು ಹಂಗ ಅದ, ಹಂಗ ಇರೂದ ಬರೋಬ್ಬರಿ ಅದ ಅಂತ ಗೌರಿ ಅಂತಾಳ. ನಾ ಎರಡನೇದ್ದು ಹಿಡದೇನಿ."

"ಅಂಗೈ ಮ್ಯಾಲ ಬರಕೊಳ್ಳೂದು?"

"ಪೈಪ್ ರಿಪೇರಿ ವ್ಯಾನಿಗೆ ಅಂಗೈ ಯಾಕ ಬೇಕಲೇ?"

ಅವನು ನಗಲಿಲ್ಲ. ಇನ್ನು ಆ ಊರಿನಲ್ಲಿ ಯಾರ ಮದುವೆಯ ಬಾಗಿಲಿಗೂ ಅವನ ನವಿಲು ನಿಲ್ಲುವುದಿಲ್ಲ. ರೇಣುಕಾಳಿಗೆ ಸಿಗಬೇಕಾದದ್ದು ಸಿಗಲಿಲ್ಲ, ಅವನ ಬಳಿ ಇದ್ದದ್ದೂ ಉಳಿಯಲಿಲ್ಲ. ಕಾನೂನು ಸರಿ ಎಂದೇ ನಾನು ಈಗಲೂ ನಂಬುತ್ತೇನೆ. ಉಪ್ಪಿಲ್ಲದ ಮನೆಯಲ್ಲಿ ಬೆಳೆದವನು ಬೇರೇನು ನಂಬಲು ಸಾಧ್ಯ? ಆದರೂ ಫೋನು ಇಟ್ಟ ಮೇಲೆ ಬಹಳ ಹೊತ್ತು ಅಂಗಳದಲ್ಲೇ ನಿಂತಿದ್ದೆ. ಇಡುವ ಮುಂಚೆ ಅವನನ್ನು ಕೇಳಿದ್ದೆ, ಆ ಕೊನೆಯ ಅಕ್ಷರದ ಬಾಲ ನೀನು ತಿದ್ದಿದೆಯಲ್ಲವೇ ಎಂದು. ನೆನಪಿಲ್ಲ ಅಂದ. ಮಾತು ಬದಲಿಸಿ, ಈ ಸಲ ತೊಗರಿ ಹೇಗಿದೆ ಎಂದು ಕೇಳಿದ.

ರೇಣುಕಾಳಿಗೆ ಬರೆದು ಮದುವೆಯ ಪಟ ಕೇಳಿದೆ. ಕಳಿಸಿದಳು. ಹಾಲಿನ ಬಾಗಿಲಲ್ಲಿ ಫಲಕ, ಅದರ ಮುಂದೆ ಗಾಲಿಕುರ್ಚಿಯಲ್ಲಿ ಕಾಶಿಬಾಯಿ. ಬಾಯಿ ತೆರೆದಿದೆ, ಬೆರಳು ರೇಣುಕಾ ಹೆಸರಿನ ಮೊದಲ ಅಕ್ಷರದ ಮೇಲಿದೆ. ಓದುತ್ತಿದ್ದಾಳೆ. ಪಟವನ್ನು ಆದಷ್ಟು ದೊಡ್ಡದು ಮಾಡಿ ಎರಡನೆಯ ಹೆಸರನ್ನು ನೋಡಿದೆ. ಆಮೇಲೆ ಯಾರಾದರೂ ಫಲಕವನ್ನು ಮುಟ್ಟಿದರೇ ಎಂದು ಅವಳನ್ನೇ ಕೇಳಿದೆ. ಅಂಗಡಿಯಿಂದ ಹೇಗೆ ತಂದೆನೋ ಹಾಗೆಯೇ ನಿಲ್ಲಿಸಿದೆವು ಎಂದು ಉತ್ತರ ಬಂತು. ಹ್ಯಾನಾದ ಕೊನೆಯ ಅಕ್ಷರದಿಂದ ಬಣ್ಣ ಜಾರಿದ್ದು ಜಾರಿದ ಹಾಗೆಯೇ ಒಣಗಿದೆ. ಅದನ್ನು ಯಾರೂ ತಿದ್ದಿಲ್ಲ.